ಎರಡನೇ ಸಾಲು

"ಕುಟ್ಟಿದ್ರೆ ಹೆಸರು ಹೊರಗೆ ಬರುತ್ತಾ ಅಮ್ಮಾ? ಬಾ ಈ ಕಡೆ!"

ಸೋಬಿನ್ ಕೈ ಹಿಡಿದೆಳೆದರೂ ಹ್ಯೇರಾನ್ ಕೇಳಲಿಲ್ಲ. ಶೋಕಗೃಹದ ಬಾಗಿಲಲ್ಲಿದ್ದ ಟಿವಿ ಪರದೆಗೆ ಅಂಗೈಯಿಂದ ಇನ್ನೊಂದು ಬಡಿದಳು. ಮೇಲೆ ಮನೆಯವರ ಹೆಸರು, ಅದರ ಕೆಳಗೆ ತೀರಿಹೋದ ಅವಳ ಗಂಡ ಮುನ್ ಜೊಂಗ್‌ಹ್ವಾನ ಫೋಟೊ. ಹೆಂಡತಿ, ಹಿರಿಮಗಳು, ಅಳಿಯ. ಆಮೇಲೆ ಮೂರು ಚುಕ್ಕಿ. ಕಿರಿಮಗಳು ಸೋಬಿನ್ ಆ ಚುಕ್ಕಿಗಳ ಪಾಲಾಗಿದ್ದಳು.

"ಅಲ್ಲಿ ಒಂದೇ ಸಾಲು ಹಿಡಿಯೋದಮ್ಮ," ಅಂದ ಅಲ್ಲಿನ ನೌಕರ. "ಅಳಿಯಂದಿರ ಹೆಸರು ತೆಗೆದುಬಿಡ್ಲಾ?"

"ಅವನನ್ನ ತೆಗೆದ್ರೆ ಬೀಗರು ನನ್ನನ್ನ ತೆಗೀತಾರೆ!"

"ಬಿಡಮ್ಮ," ಅಂದಳು ಸೋಬಿನ್. "ಅಪ್ಪನ ಲೆಕ್ಕದಲ್ಲಿ ನಾನು ಯಾವತ್ತು ಇದ್ದೆ?"

*

ಜೊಂಗ್‌ಹ್ವಾ ಔಷಧದಂಗಡಿಗಳ ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆಯುತ್ತಿದ್ದ. ಮಾತ್ರೆಯ ಹೆಸರು ಹೊಡೆದರೆ ಅದರ ಎಚ್ಚರಿಕೆ ಪರದೆಯ ಮೇಲೆ ಬರಬೇಕು. ಒಂದು ದಿನ ನೋಡಿದರೆ, 'ಊಟದ ನಂತರ ಕೊಡಿ, ಗರ್ಭಿಣಿಯರು' ಎಂಬಲ್ಲಿಗೆ ಸಾಲು ತುಂಡಾಗಿತ್ತು.

"ಗರ್ಭಿಣಿಯರು ಏನ್ಮಾಡ್ಬೇಕು ಸರ್? ತಗೋಬೇಕಾ, ಬಿಡ್ಬೇಕಾ?"

"ಚಿಕ್ಕದಾಗಿ ಬರಿಯಯ್ಯಾ!" ಕಂಪನಿಯ ಯಜಮಾನ ಓಕ್ ರೇಗಿದ. "ಎಲ್ಲಾ ಕಡೆ ಎರಡೆರಡು ಸಾಲು ಮಾಡಿದ್ರೆ ಪರದೆ ಸಂತೆ ಥರ ಕಾಣುತ್ತೆ."

ಜೊಂಗ್‌ಹ್ವಾ ಚಿಕ್ಕದಾಗಿ ಬರೆಯಲಿಲ್ಲ. ಪ್ರತಿ ಪರದೆಯಲ್ಲೂ ಸಾಲು ಮುರಿದು ಕೆಳಗಿಳಿಯುವಂತೆ ಮಾಡಿದ. ಹೊಸದನ್ನು ಹಾಕಿ ಬರಲು ಓಕ್ ಯಾರನ್ನೂ ಕಳಿಸದಿದ್ದಾಗ, ರಜಾದಿನಗಳಲ್ಲಿ ತಾನೇ ಅಂಗಡಿ ಅಂಗಡಿ ಅಲೆದ. ಸೋಬಿನ್ ಪದವಿ ಪಡೆದ ದಿನವೂ ದೂರದ ಆಂದೊಂಗ್ ಊರಿನ ಯಾವುದೋ ಔಷಧದಂಗಡಿಯಲ್ಲಿದ್ದ.

"ಅಲ್ಲೊಂದು ಬಾಕಿ ಇತ್ತು ಕಣೇ," ಎಂದ, ಮನೆಗೆ ಬಂದು.

"ಇಲ್ಲೂ ಒಂದಿತ್ತಪ್ಪ," ಎಂದು ಅವಳು ಊಟ ಬಿಟ್ಟು ಎದ್ದಿದ್ದಳು. ಅವತ್ತಿನಿಂದ ಅಪ್ಪ ಮಗಳ ಮಧ್ಯೆ 'ಉಪ್ಪು ಕೊಡು'ವಿನಷ್ಟೇ ಮಾತು.

*

ಮಧ್ಯಾಹ್ನ ಓಕ್ ಬಂದ. ಫೋಟೊಗೆ ಎರಡು ಸಲ ನೆಲಮುಟ್ಟಿ ನಮಸ್ಕರಿಸಿ, ಬಂದವರಿಗೆಲ್ಲ ಬಡಿಸುವ ಕೆಂಪು ಸಾರಿನ ಮುಂದೆ ಕೂತ. ಹ್ಯೇರಾನ್ ಪರದೆಯ ಗೋಳು ಹೇಳಿಕೊಂಡಾಗ ಚಮಚ ಬಟ್ಟಲಲ್ಲೇ ಬಿಟ್ಟು ಎದ್ದ.

"ಬದುಕಿದ್ದಾಗ ಇದೇ ವಿಷಯಕ್ಕೆ ನನ್ನ ತಲೆ ತಿಂದ. ಸತ್ತ ಮೇಲೂ ಬಿಡಲ್ವಲ್ಲ ಪುಣ್ಯಾತ್ಮ!"

"ಮೂರು ದಿನದ ಶೋಕದ ಮಟ್ಟಿಗೆ ಅಲ್ವಾ ಸರ್, ಸುಧಾರಿಸ್ಕೊಳ್ಳಿ," ಎಂದ ನೌಕರ.

"ಆ ಹುಡುಗಿಗೆ ಅಪ್ಪ ಇನ್ನೊಂದು ಸಲ ಸಾಯ್ತಾನೇನಯ್ಯಾ? ಸರಿ ಪಕ್ಕಕ್ಕೆ!"

ಓಕ್ ಒಳಗಿನ ಕಂಪ್ಯೂಟರ್ ಮುಂದೆ ಕೂತು ಗೊಣಗಿದ. ಸಾಲು ಮುರಿಯದಂತೆ ಯಾರೋ ತಡೆದಿದ್ದರು, ಹೆಸರಿನ ಜಾಗದ ಎತ್ತರವನ್ನೂ ಬಿಗಿದಿದ್ದರು. ಎರಡನ್ನೂ ಸಡಿಲಿಸಿದ.

"ಬಂತೇನಮ್ಮಾ?" ಎಂದು ಕೂಗಿದ.

ಬಂದಿತ್ತು. ಎರಡನೇ ಸಾಲಿನಲ್ಲಿ ಒಂದೇ ಹೆಸರು: ಮಗಳು ಮುನ್ ಸೋಬಿನ್. ಆದರೆ ಹೆಸರುಗಳು ಹಿಗ್ಗಿದಷ್ಟು ಫೋಟೊ ಕೆಳಗೆ ಜಾರಿತ್ತು. ಮೂಗಿನಿಂದ ಕೆಳಗಿನ ಅಪ್ಪ ಪರದೆಯಾಚೆ ಹೋಗಿದ್ದ.

"ಅಯ್ಯಯ್ಯೋ, ಮುಖವೇ ಹೋಯ್ತು! ಮೊದಲಿನ ಥರ ಮಾಡಿಬಿಡ್ತೀನಿ," ನೌಕರ ಒಳಗೆ ಓಡಹೊರಟ.

ಸೋಬಿನ್ ಅವನ ತೋಳು ಹಿಡಿದು ನಿಲ್ಲಿಸಿದಳು. "ಮುಟ್ಟಬೇಡಿ."

ಅವಳ ಹೆಸರಿನ ಕೆಳಗೆ, ಪರದೆಯ ಅಂಚಿಗೆ ಒತ್ತಿಕೊಂಡು, ದಪ್ಪ ಕನ್ನಡಕದ ಎರಡು ಕಣ್ಣುಗಳು ನೋಡುತ್ತಿದ್ದವು.