ಮಧುಕೇಶ್ವರರ ಚಿಟಿಕೆ

ಕಾರವಾರದ ಆ ಔಷಧಿ ಕಾರ್ಖಾನೆಯಲ್ಲಿ ಹರಳು ಕಟ್ಟುವ ಉಕ್ಕಿನ ಪಾತ್ರೆಗೂ ಎಂಜಿನಿಯರ್ ಶ್ರೀರಕ್ಷಾಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬಿಸಿ ದ್ರಾವಣ ಉಗುರುಬೆಚ್ಚಗಾದ ಮೇಲೆಯೇ ಹರಳು ಮೂಡಬೇಕು ಎಂದು ಅವಳು ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿ ಹೇಳುತ್ತಿತ್ತು. ಪ್ರಯೋಗಾಲಯದ ಗಾಜಿನ ಬೀಕರು ಆ ಮಾತನ್ನು ಚಾಚೂ ತಪ್ಪದೆ ಕೇಳುತ್ತಿತ್ತು. ದರಿದ್ರ ಪಾತ್ರೆ ಮಾತ್ರ ಬಿಸಿ ಇರುವಾಗಲೇ ಹರಳು ಕಟ್ಟಿ ಅವಳ ಮಾನ ಕಳೆಯುತ್ತಿತ್ತು.

“ಎಂತದೇ, ಮತ್ತೆ ಲೆಕ್ಕ ತಪ್ತಾ?” ಎಂದು ಮ್ಯಾನೇಜರ್ ಮಧುಕೇಶ್ವರ ಹಲ್ಲು ಕಿರಿಯುತ್ತಿದ್ದರು. “ಗುರುವಾರ ಮುಂಬೈ ಸಾಹೇಬ್ರು ಬರ್ತಾರೆ. ಅವರೆದುರೂ ತಪ್ಪಿದ್ರೆ, ಮುಂದೆ ತರ್ಸೂ ಹೊಸ ಪಾತ್ರೆ ನನ್ನ ಅಂದಾಜಿನ ಮೇಲೇ ಮಾಡ್ಸೂದು. ನಿನ್ನ ಮಾದರಿ ಗುಜರಿಗೆ.”

ಬೀಕರಿನಲ್ಲಿ ಸರಿ, ಪಾತ್ರೆಯಲ್ಲಿ ತಪ್ಪು ಎಂದರೆ ಅಲ್ಲಿ ಯಾರೋ ಕೈಯಾಡಿಸುತ್ತಿರಬೇಕು. ಬುಧವಾರ ದ್ರಾವಣ ತಣಿಯತೊಡಗಿದಾಗ ಶ್ರೀರಕ್ಷಾ ಕಂಬದ ಮರೆಯಲ್ಲಿ ನಿಂತಳು.

ಬಂದವರು ಮಧುಕೇಶ್ವರರೇ! ಬೂಟು ಕಳಚಿ, ಜೇಬಿನಿಂದ ಪೊಟ್ಟಣ ತೆಗೆದು, “ಸುಸೂತ್ರ ಆಗ್ಲಿ ದೇವರೇ” ಎನ್ನುತ್ತ ಹಿಂದಿನ ಬ್ಯಾಚಿನ ಒಂದು ಚಿಟಿಕೆ ಹರಳನ್ನು ಅಕ್ಷತೆಯಂತೆ ಪಾತ್ರೆಯೊಳಗೆ ಹಾಕಿ ಹೋದರು.

ಶ್ರೀರಕ್ಷಾಳಿಗೆ ನಗು ತಡೆಯಲಾಗಲಿಲ್ಲ. ಹಾಲಿಗೆ ತಾವೇ ಹೆಪ್ಪು ಹಾಕಿ, ಮೊಸರು ಬೇಗ ಆಯಿತೆಂದು ಹಾಲನ್ನು ಬೈದ ಹಾಗಾಯಿತು! ಹಳೆಯ ಹರಳು ಬಿದ್ದರೆ ಹೊಸದು ಅದನ್ನೇ ಹಿಡಿದು ಕಟ್ಟಿಕೊಳ್ಳುತ್ತದೆ, ಪೂರ್ತಿ ತಣಿಯುವವರೆಗೆ ಕಾಯುವುದಿಲ್ಲ. ಅವಳು ಹೋಗಿ ಮಾದರಿಗೆ ಆ ಚಿಟಿಕೆಯದೂ ಒಂದು ಸಾಲು ಸೇರಿಸಿದಳು.

ಗುರುವಾರ ಕಂಪ್ಯೂಟರ್ ಹೇಳಿದ ಹೊತ್ತಿಗೇ ಹರಳು ಮೂಡಿತು. ಸಾಹೇಬರು ಪರದೆಯ ಮೇಲೆ ಬೆರಳಿಟ್ಟರು. “ಈ ‘ಮಧು ಚಿಟಿಕೆ’ ಅಂದರೇನು?”

ಮಧುಕೇಶ್ವರರ ಮುಖ ಬಿಳಿಚಿತು.

“ನಮ್ಮ ಸರ್‌ದೇ ವಿಧಾನ. ಪ್ರತಿ ಬ್ಯಾಚಿಗೂ ಅವರೇ ಕೈಯಾರೆ ಹರಳು ಹಾಕ್ತಾರೆ,” ಎಂದಳು ಶ್ರೀರಕ್ಷಾ.

“ಹೌದು, ಮೊದಲಿಂದ್ಲೂ,” ಎಂದು ಮಧುಕೇಶ್ವರ ಎದೆ ಉಬ್ಬಿಸಿದರು.

ಸಾಹೇಬರು ಅವರ ಬೆನ್ನು ತಟ್ಟಿದರು. ಹೊಸ ಪಾತ್ರೆ ಶ್ರೀರಕ್ಷಾಳ ಮಾದರಿಯಂತೆಯೇ ಆಗಲಿ, ಅದು ಬರುವ ತನಕ ಪ್ರತಿ ಬ್ಯಾಚಿನ ಚಿಟಿಕೆಯೂ ಇದೇ ಕೈಯಿಂದ ಬೀಳಲಿ ಎಂದು ಅಪ್ಪಣೆ ಕೊಟ್ಟು ಹೋದರು.

ರವಿವಾರ ಮಧ್ಯಾಹ್ನ ಅಂಕೋಲೆಯಿಂದ, ಮಾವನ ಮನೆಯ ಊಟದ ಪಂಕ್ತಿಯಿಂದಲೇ ಮಧುಕೇಶ್ವರರ ಫೋನು ಬಂತು.

“ಇವತ್ತೊಂದಿನ ನೀನೇ ಹಾಕ್ಬಿಡೇ. ಇಲ್ಲಿ ಈಗಷ್ಟೇ ಹೋಳಿಗೆ ಬಡಿಸ್ತಾ ಇದ್ದಾರೆ.”

“ಅಯ್ಯೋ, ನಾ ಹಾಕಿದ್ರೆ ಲೆಕ್ಕ ತಪ್ತದೆ ಸರ್,” ಎಂದಳು ಶ್ರೀರಕ್ಷಾ. “ಬೇಗ ಹೊರಡಿ, ಪಾತ್ರೆ ತಣೀತಾ ಅದೆ.”