ಡುಮ್ಮಣ್ಣನ ಆರು

ಅಕ್ಕ ಮಕ್ಕಳ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ತಂಗಿ ಒಂದು ಪ್ರೆಸ್ಸಿನಲ್ಲಿ ಅಕ್ಷರಗಳ ವಿನ್ಯಾಸ ಮಾಡುವವಳು. ಹದಿನೈದು ವರ್ಷ ಇಲಿ ಪಾಷಾಣದ ಡಬ್ಬಿಗೂ ಗೊಬ್ಬರದ ಚೀಲಕ್ಕೂ ಸೆಟೆದು ನಿಂತ ಅಕ್ಷರಗಳನ್ನು ಬರೆದು ಬರೆದು ತಂಗಿಗೆ ಸಾಕೋ ಸಾಕಾಗಿತ್ತು. ಹಾಗಾಗಿ ಮನೆಯಲ್ಲಿ, ಊಟದ ಮೇಜಿನ ಒಂದು ತುದಿಯಲ್ಲಿ ಕೂತು, ತನ್ನ ಖುಷಿಗೆಂದೇ ಅಂಕಿಗಳ ಸಮೇತ ಒಂದು ಅಕ್ಷರಮಾಲೆ ಬರೆದಳು. ಹುಡುಕಿದರೂ ಅದರಲ್ಲಿ ಒಂದು ಮೊನಚಿಲ್ಲ. ಎಲ್ಲಕ್ಕೂ ಉಬ್ಬಿದ ಹೊಟ್ಟೆ, ಹಣೆಗೆ ಜಾರಿದ ಟೋಪಿಯಂಥ ತಲೆಕಟ್ಟು. ಒತ್ತಕ್ಷರಗಳಂತೂ ಅಮ್ಮನ ಕಾಲು ಹಿಡಿದ ಕೂಸುಗಳ ಹಾಗೆ ಅಂಟಿಕೊಂಡಿದ್ದವು. ಗಂಡ ನೋಡಿ, "ಇವೆಲ್ಲಾ ಈಗಷ್ಟೇ ಹೊಟ್ಟೆ ಬಿರಿಯ ಉಂಡು ಎದ್ದಿರೋ ಹಾಗಿವೆ ಕಣೇ," ಎಂದು ನಕ್ಕ. ಅಂದಿನಿಂದ ಅದಕ್ಕೆ ಡುಮ್ಮಣ್ಣ ಎಂದೇ ಹೆಸರಾಯಿತು.

ಪ್ರೆಸ್ಸಿನ ಯಜಮಾನರು ಕನ್ನಡಕ ಏರಿಸಿ ನೋಡಿದರು. "ಚೆನ್ನಾಗೇನೋ ಇದೆಯಮ್ಮ. ಆದ್ರೆ ಇದರಲ್ಲಿ ಬರೆದ್ರೆ ಇಲಿ ಕೂಡ ಹೆದರಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು. ತಂಗಿ ಡುಮ್ಮಣ್ಣನನ್ನು ಅಳಿಸಲಿಲ್ಲ. ಎರಡು ವರ್ಷ ಅವನು ಕಂಪ್ಯೂಟರಿನೊಳಗೇ ಬೆಚ್ಚಗೆ ಮಲಗಿದ್ದ.

ಆಮೇಲೆ ಅಕ್ಕನ ಆಸ್ಪತ್ರೆಗೆ ಹೊಸ ಬಣ್ಣ ಬಂತು. ಮಕ್ಕಳು ನೋಡಿ ಹೆದರದಂಥ ಬೋರ್ಡು ಬೇಕೆಂದು ದೊಡ್ಡ ಡಾಕ್ಟರು ಹುಡುಕುತ್ತಿದ್ದಾಗ ಅಕ್ಕ ಅವರ ಕಿವಿಗೆ ತಂಗಿಯ ವಿಷಯ ಹಾಕಿದಳು. ತಂಗಿ ಡುಮ್ಮಣ್ಣನನ್ನು ಆಸ್ಪತ್ರೆಯ ಕಂಪ್ಯೂಟರಿಗೇ ಹಾಕಿಕೊಟ್ಟಳು. ಒಂದೊಂದೂ ಗೇಣುದ್ದದ ಅಕ್ಷರಗಳು ಹಳದಿ, ನೀಲಿ ಬಣ್ಣ ಬಳಿದುಕೊಂಡು ಬಾಗಿಲುಗಳ ಪಕ್ಕದಲ್ಲಿ, ಮಕ್ಕಳ ಎತ್ತರಕ್ಕೆ ಕೂತವು. ಮಕ್ಕಳು ಇಂಜೆಕ್ಷನ್ ಕೋಣೆಯಲ್ಲಿ ಕಿರುಚುವುದನ್ನೇನೂ ಬಿಡಲಿಲ್ಲ. ಆದರೆ ಒಳಗೆ ಹೋಗುವ ಮುನ್ನ ನಿಂತು, ಕೈಗೆ ಸಿಕ್ಕ ಅಕ್ಷರದ ಹೊಟ್ಟೆ ತಟ್ಟಿ ಹೋಗತೊಡಗಿದರು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ತಂಗಿಗೆ ಡಾಕ್ಟರ ಫೋನು ಬಂತು. ದನಿಯಲ್ಲಿ ಸಂಭ್ರಮವೋ ಸಂಭ್ರಮ. "ಮೇಡಂ, ನಿಮ್ಮ ಅಕ್ಷರ ನಮಗೆ ಎಷ್ಟು ಹಿಡಿಸಿದೆ ಅಂದ್ರೆ, ಔಷಧಿ ಬಾಟ್ಲಿಗಳ ಚೀಟಿನೂ ಅದರಲ್ಲೇ ಮಾಡಿಸಿಬಿಟ್ವಿ! ಎಷ್ಟು ಹನಿ ಹಾಕ್ಬೇಕು ಅನ್ನೋದೂ ಅದರಲ್ಲೇ. ಮೊನ್ನೆನೇ ವಾರ್ಡಿಗೆ ಕಳಿಸಾಯ್ತು."

"ಸಂತೋಷ ಸಾರ್," ಎಂದು ಫೋನಿಟ್ಟವಳಿಗೆ ಏನೋ ಕಸಿವಿಸಿ. 1ರಿಂದ 9ರವರೆಗಿನ ಅಂಕಿಗಳನ್ನು ಚೀಟಿಯ ಅಳತೆಗೆ ಇಳಿಸಿ ಪ್ರಿಂಟ್ ತೆಗೆದಳು. ಕಾಗದ ಕೈಗೆ ಬಂದದ್ದೇ ಕಣ್ಣು ಆರರ ಮೇಲೆ ನಿಂತಿತು. ಮುದ್ದಾಗಿರಲೆಂದು ಆರರ ಬಾಲವನ್ನು ಅವಳು ಹೊಟ್ಟೆಗೆ ತಾಗುವಷ್ಟು ಬಗ್ಗಿಸಿದ್ದಳು. ಬೋರ್ಡಿನಲ್ಲಿ ಬೆರಳು ತೂರುವಷ್ಟಿದ್ದ ಸಂದು ಚೀಟಿಯಲ್ಲಿ ಮುಚ್ಚಿಹೋಗಿತ್ತು. 6 ಹೋಗಿ 8 ಆಗಿತ್ತು.

ಅಕ್ಕನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಡ್ಯೂಟಿಯಲ್ಲಿ ಅವಳ ಫೋನು ಬೀರುವಿನೊಳಗೆ ಇರುತ್ತದೆಂದು ನೆನಪಾಗಿ, ಚಪ್ಪಲಿ ಮೆಟ್ಟಿ ಓಡಿದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಆರು ಹನಿಯ ಜಾಗದಲ್ಲಿ ಎಂಟು. ಯಾರ ಮಗುವೋ ಏನೋ.

ಏದುಸಿರು ಬಿಡುತ್ತ ವಾರ್ಡಿಗೆ ನುಗ್ಗಿದಾಗ ಅಕ್ಕ ಔಷಧಿ ಕಪಾಟಿನ ಮುಂದೆಯೇ ನಿಂತಿದ್ದಳು.

"ಚೀಟಿ! ಅಕ್ಕಾ, ಆ ಚೀಟಿಗಳನ್ನ ಕಿತ್ತುಹಾಕು! ಆರು..."

"ಎಂಟಿನ ಥರ ಕಾಣುತ್ತೆ. ಗೊತ್ತು," ಎಂದಳು ಅಕ್ಕ. "ಕೂತ್ಕೋ ಮೊದ್ಲು. ಮುಖ ನೋಡು ಹೇಗಾಗಿದೆ."

ಕಪಾಟಿನ ತುಂಬ ಹಳೆಯ ಚೀಟಿಗಳೇ ಇದ್ದವು, ಅದೇ ಒಣಕಲು ನೆಟ್ಟಗಿನ ಅಕ್ಷರಗಳು. ತಂಗಿಗೆ ಅಷ್ಟು ಚೆಂದದ ಅಕ್ಷರ ಹುಟ್ಟಿದಾಗಿನಿಂದ ಕಂಡಂತಿರಲಿಲ್ಲ. ಹೋದ ಜೀವ ಬಂದಂತಾಗಿ, ಸ್ಟೂಲಿನ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅಳು ಮುಗಿಯುವ ಮೊದಲೇ ನಗುವೂ ಬಂತು.

"ಒಂದೂ ಅಂಟಿಸಿಲ್ವಾ?"

"ಒಂದೂ ಇಲ್ಲ. ಇಪ್ಪತ್ತು ವರ್ಷ ಬಾಟ್ಲಿ ಓದಿದ ಕಣ್ಣು ಇದು. ಆದ್ರೂ ನನಗೊಬ್ಬಳಿಗೇ ಹಾಗನ್ನಿಸ್ತೇನೋ ಅಂತ ಮೂರು ಜನ ನರ್ಸುಗಳಿಗೆ ತೋರಿಸಿದೆ. ಇಬ್ಬರು ಎಂಟು ಅಂದ್ರು. ಇಡೀ ಕಟ್ಟನ್ನೇ ಡ್ರಾಯರಿಗೆ ಹಾಕಿ ಬೀಗ ಜಡಿದೆ."

"ನಂಗೊಂದು ಮಾತು ಹೇಳಬಾರದಿತ್ತಾ?"

"ನೀನು ನೊಂದ್ಕೋತೀಯ ಅಂತ..." ಅಕ್ಕ ತಡವರಿಸಿದಳು. "ಎರಡು ದಿನದಿಂದ ಹೇಗೆ ಹೇಳೋದು ಅಂತಲೇ ಒದ್ದಾಡ್ತಾ ಇದೀನಿ. ಡಾಕ್ಟರಿಗೂ ಹೇಳಿಲ್ಲ."

ಡಾಕ್ಟರಿಗೆ ತಂಗಿಯೇ ಹೋಗಿ ಹೇಳಿದಳು. ಹೊಸ ಚೀಟಿಗಳಲ್ಲಿ ಆರರದ್ದೊಂದು, ಎಂಟರದ್ದೊಂದು ತೆಗೆದು ಅಕ್ಕಪಕ್ಕ ಇಟ್ಟಳು. "ಸಾರ್, ಇದು ದೂರದಿಂದ ಮಕ್ಕಳನ್ನ ಕರೆಯೋ ಅಕ್ಷರ. ಬೋರ್ಡಿಗೆ, ಗೋಡೆಗೆ, ಪುಸ್ತಕದ ರಕ್ಷಾಪುಟಕ್ಕೆ ಎಲ್ಲಿ ಬೇಕಾದ್ರೂ ಹಾಕಿ. ಔಷಧಿಗೆ ಮಾತ್ರ ಬೇಡ."

ಡಾಕ್ಟರು ಚೀಟಿಗಳನ್ನು ಕಣ್ಣ ಹತ್ತಿರ ಹಿಡಿದರು, ದೂರ ಹಿಡಿದರು. "ತಪ್ಪು ನಂದಮ್ಮ. ನಿಮ್ಮನ್ನ ಕೇಳಿ ಮಾಡಿಸ್ಬೇಕಿತ್ತು," ಎಂದವರು ಎದ್ದು ತಾವೇ ಹೋಗಿ ಡ್ರಾಯರಿನ ಬೀಗ ತೆಗೆಸಿ, ಕಟ್ಟನ್ನು ಕತ್ತರಿಯಿಂದ ತುಂಡರಿಸಿದರು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು.

ಆ ವಾರವೇ ತಂಗಿ ಆರರ ಬಾಲವನ್ನು ಬಿಡಿಸಿ ನೆಟ್ಟಗೆ ಮೇಲೆತ್ತಿದಳು. ಅದೇ ಮೂವರು ನರ್ಸುಗಳಿಗೆ ತೋರಿಸಿದಾಗ ಮೂವರೂ ಒಂದೇ ಬಾಯಿಗೆ ಆರು ಎಂದರು.

"ಹಾಗಾದ್ರೆ ಈಗ ಚೀಟಿಗೂ ಆಗುತ್ತಲ್ವಾ?" ಎಂದು ಕಿರಿಯ ನರ್ಸು ಕೇಳಿದಳು.

"ಸುತರಾಂ ಇಲ್ಲ!" ಅಕ್ಕತಂಗಿಯರಿಬ್ಬರೂ ಒಟ್ಟಿಗೇ ಕೂಗಿಕೊಂಡರು.

"ಆದ್ರೆ ಒಂದು ಬೋರ್ಡು ಬಾಕಿ ಇದೆ ಕಣೇ," ಎಂದಳು ಅಕ್ಕ, ತಂಗಿಯ ಕೈಗೆ ಚಹಾ ಕೊಡುತ್ತ. "ಶೌಚಾಲಯದ್ದು. ಅದೊಂದಕ್ಕೆ ಬೋರ್ಡಿಲ್ಲ ಅಂತ ಮಕ್ಕಳೆಲ್ಲಾ ಚಡ್ಡಿ ಹಿಡ್ಕೊಂಡು ಡಾಕ್ಟರ ರೂಮಿಗೆ ನುಗ್ತಿದ್ದಾರೆ."