ಕಡ್ಡಿ ಮೇಷ್ಟ್ರ ಎಡ ಭುಜ

ಅರ್ಧ ನಾಟಕ, ಅರ್ಧ ಕಛೇರಿ. ನಮ್ಮಕ್ಕನಿಗೆ ಮಾತ್ರ ಪೂರ್ತಿ ಅಗ್ನಿಪರೀಕ್ಷೆ. ಹಳೆಯ ಸಂಗೀತ ನಾಟಕವನ್ನು ಸೆಟ್ಟು, ಪರದೆಗಳ ಗೊಡವೆಯಿಲ್ಲದೆ ಆಡುತ್ತಿದ್ದೆವು. ವೇದಿಕೆಯ ತುಂಬ ವಾದ್ಯವೃಂದ; ಮುಂದೆ ಉಳಿದ ಓಣಿಯಂಥ ಜಾಗದಲ್ಲಿ ಹಾಡುವವರು, ಅವರ ಮೊಣಕೈ ತಪ್ಪಿಸಿಕೊಂಡು ಕುಣಿಯುವವರು. ನಾಯಕಿಯ ಗಂಟಲು ಕೈಕೊಟ್ಟಿದ್ದರಿಂದ, ವರ್ಷಗಟ್ಟಲೆ ಹಿಂದಿನ ಸಾಲಲ್ಲಿ ಕೋರಸ್ ಹಾಡಿದ್ದ ಅಕ್ಕನಿಗೆ ಆ ಸಂಜೆ ನಾಯಕಿಯ ಪಾತ್ರ. ಗೆದ್ದರೆ ಉಳಿದ ಪ್ರದರ್ಶನಗಳೂ ಅವಳವೇ. ಎಡವಿದರೆ ಮತ್ತೆ ಹಿಂದಿನ ಸಾಲು.

ತೊಡಕು ಒಂದೇ. ಕೈಯಲ್ಲಿ ಕಡ್ಡಿ ಹಿಡಿದು ಬೀಸಿ ತಾಳ ತೋರಿಸುವ ನಮ್ಮ ಕಡ್ಡಿ ಮೇಷ್ಟ್ರು ವಾದ್ಯದವರ ಕಡೆ ತಿರುಗಿ ನಿಲ್ಲುತ್ತಾರೆ. ಅಕ್ಕ ಅವರಿಗೆ ಬೆನ್ನು ಹಾಕಿ ಹಾಡಬೇಕು. ಅವರ ಕೈ ಅವಳಿಗೆ ಕಾಣುವುದು ಬಾಲ್ಕನಿಯ ಅಂಚಿಗೆ ಕಟ್ಟಿದ ಟೀವಿಯಲ್ಲಿ ಮಾತ್ರ. ಆ ಟೀವಿಯ ಮೇಲ್ಗಡೆ, ಸ್ಪಾಟ್‌ಲೈಟ್ ಹಿಡಿದು ನಾನು.

ಮಧ್ಯಾಹ್ನದ ತಾಲೀಮಿನಲ್ಲಿ ಮೇಷ್ಟ್ರನ್ನು ಅಣಕಿಸಿ ಕುಣಿಯುವವರನ್ನು ನಗಿಸುತ್ತಿದ್ದೆ: ದೊಡ್ಡ ಸ್ವರಕ್ಕೆ ಮುಂಚೆ ಎಡ ಭುಜ ಕಿವಿಗೆ ಮುಟ್ಟಿಸುವುದು, ಕಿರುಬೆರಳಲ್ಲಿ ಕನ್ನಡಕ ಏರಿಸುವುದು. ಮೇಷ್ಟ್ರು ನನ್ನ ಹಿಂದೆಯೇ ನಿಂತಿದ್ದರು.

"ಏನಪ್ಪಾ ದೀಪದ ಮಲ್ಲ, ಇನ್ನೊಂದ್ಸಲ ನನ್ನ ಭುಜದ ತಂಟೆಗೆ ಬಂದ್ರೆ ನಿನ್ನ ದೀಪ ಆರಿಸ್ಬಿಡ್ತೀನಿ!"

"ಈ ಕೋತಿಗೆ ಬುದ್ಧಿ ಬರಲ್ಲ ಬಿಡಿ ಸಾರ್," ಅಂದಳು ಅಕ್ಕ.

ಸಂಜೆಯ ಆಟದ ಕೊನೆಯ ಹಾಡು. ಮೇಷ್ಟ್ರ ಮನಸ್ಸಿಗೆ ಬಂದಂತೆ ಓಡುವ, ನಿಲ್ಲುವ ಹಾಡು. ಪಿಟೀಲುಗಳು ಶುರುವಾದವು, ಅಕ್ಕನ ಕಣ್ಣು ಬಾಲ್ಕನಿಯ ಉದ್ದಕ್ಕೂ ತಡಕಾಡಿತು. ಬಗ್ಗಿ ನೋಡಿದೆ. ಟೀವಿ ಕಪ್ಪಗೆ ಕೂತಿತ್ತು.

ದೀಪವನ್ನು ಅಕ್ಕನ ಮೇಲೆ ಬಿಗಿದು ನಿಲ್ಲಿಸಿ, ಪಕ್ಕಕ್ಕೆ ಸರಿದು, ಮೇಜಿನ ಪುಟ್ಟ ಲೈಟನ್ನು ನನ್ನ ಮುಖಕ್ಕೆ ತಿರುಗಿಸಿಕೊಂಡೆ. ದೂರದ ಮೇಷ್ಟ್ರ ಬೆನ್ನು ನೋಡುತ್ತ, ಅವರಂತೆಯೇ ಕೈ ಬೀಸುತ್ತ ಅವರ ಮುಂಭಾಗವಾದೆ.

"ಇರುವೆ ಕಚ್ತೇನೋ ಮಗಾ?" ಪಕ್ಕದ ಸೀಟಿನ ಅಜ್ಜಿ ಪಿಸುಗುಟ್ಟಿದರು.

ಅಕ್ಕ ನನ್ನನ್ನು ಕಂಡಳು. ತುಟಿಯಂಚಲ್ಲಿ ನಗು. ಸರಿಯಾದ ತಾಳಕ್ಕೆ ಹಾಡು ಎತ್ತಿದಳು. ನಾನು ನಿಧಾನಿಸಿದರೆ ನಿಧಾನಿಸಿದಳು, ಬೀಸಿದರೆ ಹಾರಿದಳು. ಅವಳ ಸುತ್ತ ಕುಣಿಯುವವರು ಬುಗುರಿಗಳಾದರು. ಕೊನೆಗೆ ಅಲ್ಲಿ ಮೇಷ್ಟ್ರ ಎಡ ಭುಜ ಏರಿತು, ಇಲ್ಲಿ ನನ್ನದು. ಅಕ್ಕ ಆ ದೊಡ್ಡ ಸ್ವರವನ್ನು ಚಾವಣಿಗೆ ಎಸೆದು ಅಲ್ಲೇ ನಿಲ್ಲಿಸಿದಳು. ಕಹಳೆಗಳು ಅದರ ಕೆಳಗೆ ಹೆಗಲು ಕೊಟ್ಟವು.

ಸಭೆಯೆಲ್ಲ ಎದ್ದು ನಿಂತಿತು. ಅಜ್ಜಿಯಂತೂ ಸೀಟನ್ನೇ ಬಡಿಯುತ್ತಿದ್ದರು.

ನಮಸ್ಕರಿಸಲು ತಿರುಗಿದ ಮೇಷ್ಟ್ರಿಗೆ, ಬಾಲ್ಕನಿಯಲ್ಲಿ ಇನ್ನೂ ಕೈ ಎತ್ತಿಕೊಂಡು ನಿಂತಿದ್ದ ನನ್ನಲ್ಲಿ ತಾವೇ ಕಂಡರು. ಕಪ್ಪು ಟೀವಿಯನ್ನು ನೋಡಿದರು. ಅಕ್ಕನ ಕೈ ಹಿಡಿದು ಮುಂದಕ್ಕೆ ತಂದು, "ಉಳಿದ ಆಟಗಳೂ ಇವಳವೇ!" ಎಂದು ಸಭೆಗೇ ಕೂಗಿ ಹೇಳಿದರು.

ಆಮೇಲೆ ನನ್ನತ್ತ ಕತ್ತೆತ್ತಿ, ಎಡ ಭುಜವನ್ನು ನಿಧಾನವಾಗಿ ಕಿವಿಗೆ ಮುಟ್ಟಿಸಿದರು. ಥೇಟ್ ನನ್ನ ಹಾಗೇ.